ಗಾಜಿನ ಮಾಡಿನ ಕೆಳಗಿನ ಗೋಳಿಮರ

"ಮಾಲ್ ಬಾಗಿಲು ತೆಗೆದ ವಾರ ಈ ಮರ ನನ್ನ ಸೊಂಟಕ್ಕೆ ಬರ್ತಿತ್ತು, ಅಷ್ಟೆ. ಎಪ್ಪತ್ನಾಲ್ಕನೇ ಇಸವಿ. ಗೋಣಿ ಸುತ್ಕೊಂಡು ಫ್ಲಾರಿಡಾದಿಂದ ಲಾರೀಲಿ ಬಂದಿತ್ತು. ಅದಕ್ಕೆ ಮುಂಚೆ ಇಲ್ಲೆಲ್ಲ ಜೋಳದ ಹೊಲ ಕಣೆ, ಒಂದು ತುಂಡು ನಮ್ಮ ಚಿಕ್ಕಪ್ಪಂದೇ. ಹೊಲದ ಮೇಲೆ ಮಾಡು ಹಾಕಿ ಒಳಗೆ ಬೇಸಿಗೆ ಮಾಡ್ತಾರಂತೆ ಅಂದ್ರೆ ನಮ್ಮಪ್ಪ ನಕ್ಕಿದ್ದೇ ನಕ್ಕಿದ್ದು. ಜನವರಿ ಚಳೀಲಿ ಒಳಗೆ ಕಾಲಿಟ್ಟೆ ನೋಡು, ಕೋಟು ಬಿಚ್ಚಬೇಕಾಯ್ತು! ಕಾರಂಜಿ ಹಾರ್ತಿದೆ, ಆರ್ಗನ್ ಮಾರೋನು ಅಂಗಡಿ ಬಾಗಿಲಲ್ಲೇ ಕೂತು ನುಡಿಸ್ತಿದಾನೆ. ಎಲೆ ಮಿರಮಿರ ಅನ್ನಬೇಕು ಅಂತ ಯಜಮಾನರ ಹುಕುಂ. ನಾವು ನಾಲ್ಕು ಜನ ಹೆಂಗಸರು, ಮನೇಲಿ ಗಿಡಕ್ಕೆ ಮಾಡೋ ಹಾಗೇ ಬ್ರೆಡ್ಡಿಗೆ ಹಚ್ಚೋ ಮಯೋನೀಸ್ ಸವರಿಬಿಟ್ವಿ. ಡಬ್ಬಿಗಟ್ಲೆ! ಉದ್ಘಾಟನೆ ದಿನ ಕನ್ನಡಿ ಹಾಗೆ ಹೊಳೀತು. ಮೂರನೇ ದಿನ ಸೆಖೆಗೆ ಹಳಸಿ, ಚಪ್ಪಲಿ ಅಂಗಡಿಗೆ ಬಂದೋರೆಲ್ಲ ತಮ್ಮ ಕಾಲೇ ನಾರ್ತಿದೆ ಅಂದ್ಕೊಂಡು ನಾಚ್ಕೊಳ್ಳೋರು. ಕೊನೆಗೆ ಸೋಪುನೀರಲ್ಲಿ ಎಲೆ ಎಲೇನೂ ತೊಳೆದವಳು ನಾನೇ. ಆವತ್ತಿಂದ ಇದು ನಂದು."

ಆರ್ಡಿತ್ ಕೋವಾಚ್ ಇದನ್ನು ಹೇಳಿದ್ದು ಮಿಲ್‌ಗ್ರೋವ್ ಮಾಲ್‌ನ ಒಣಗಿದ ಕಾರಂಜಿಯ ಕಟ್ಟೆಯ ಮೇಲೆ ಕುಳಿತು. ನಲವತ್ತನಾಲ್ಕು ವರ್ಷ ಅಲ್ಲಿನ ಗಿಡಗಳಿಗೆ ನೀರು ಹಾಕಿದವಳು ಅವಳು. ಮೊದಲಿಗೆ ಇನ್ನೂರು ಕುಂಡಗಳಿದ್ದವು. ಅಂಗಡಿಗಳು ಒಂದೊಂದೇ ಬಾಗಿಲೆಳೆದುಕೊಂಡ ಹಾಗೆ ಕುಂಡಗಳೂ ಹೋದವು. ಆರ್ಗನ್ ಅಂಗಡಿ ಹೋಯಿತು, ಹಾಡಿನ ತಟ್ಟೆಗಳ ಅಂಗಡಿ ಹೋಯಿತು, ಬಟ್ಟೆಯ ಅಳತೆ ತಿದ್ದಿ ಹೊಲಿಯುವ ನನ್ನ ಪುಟ್ಟ ಅಂಗಡಿಯೂ ಹೋಯಿತು. ಉಳಿದದ್ದು ನಡುವಿನ, ಆಲದ ಜಾತಿಯ ಈ ಗೋಳಿಮರ ಒಂದೇ, ಮೂವತ್ತಡಿ ಎತ್ತರ. ಮಳೆಯ ಹನಿಯೊಂದೂ ಮೈಗೆ ಬೀಳದ ಮರ.

ಅಂಗಡಿ ಹೋದರೂ ನಾನು ಮಾಲ್ ಬಿಡಲಿಲ್ಲ. ನಮ್ಮ ಕಡೆ ಮುದುಕರೆಲ್ಲ ಚಳಿಗಾಲದಲ್ಲಿ ವ್ಯಾಯಾಮಕ್ಕೆ ಅಲ್ಲೇ ನಡೆಯುತ್ತಿದ್ದುದು. ಬೆಳಿಗ್ಗೆ ಆರೂವರೆಗೆ ಪಕ್ಕದ ಬಾಗಿಲು ತೆಗೆಯುತ್ತಿದ್ದರು, ಅಂಗಡಿಗಳು ತೆರೆಯುವ ಮೊದಲು ನಾಲ್ಕು ಸುತ್ತು ಹಾಕುತ್ತಿದ್ದೆವು. ಗಾಜಿನ ಮಾಡಿನ ಮೇಲೆ ಹಿಮ ಬಿದ್ದ ದಿನ ಒಳಗೆಲ್ಲ ನೀಲಿ ಬೆಳಕು ತುಂಬಿ, ಕೊಳದ ತಳದಲ್ಲಿ ನಡೆದಂತೆ ಆಗುತ್ತಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಮರದ ಕೆಳಗೆ ಬಂದಾಗ ಒಬ್ಬೊಬ್ಬರೂ ಕೈ ಎತ್ತಿ ಎಲೆ ಸವರಿ ಮುಂದೆ ಹೋಗುವುದು ರೂಢಿ.

ನವೆಂಬರಿನಲ್ಲಿ ಬಾಗಿಲಿಗೆ ಕಾಗದ ಅಂಟಿಸಿದರು. ಫೆಬ್ರವರಿ ಕೊನೆಗೆ ಮಾಲ್ ಬಂದ್, ಆಮೇಲೆ ಕೆಡವುತ್ತಾರೆ.

ಆರ್ಡಿತ್ ಅಳಲಿಲ್ಲ. ಮರುದಿನ ಏಣಿ ಹತ್ತಿ, ಹೆಬ್ಬೆರಳು ದಪ್ಪದ ಕೊಂಬೆಯೊಂದರ ಸಿಪ್ಪೆಯನ್ನು ಉಂಗುರದಂತೆ ಸುಲಿದು, ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಸುತ್ತಿ, ಕೊಂಬೆಯಲ್ಲೇ ಬೇರು ಬರಲೆಂದು ಗೂಟಿ ಕಟ್ಟಿದಳು.

"ಬೇರು ಬಿಡೋಕೆ ಹತ್ತು ವಾರ ಬೇಕು. ನಮಗಿರೋದು ಹದಿಮೂರು," ಅಂದಳು.

"ಸಾಕಲ್ಲ ಮತ್ತೆ," ಅಂದೆ.

"ಬೆಚ್ಚಗಿದ್ರೆ ಸಾಕು."

ಕ್ರಿಸ್‌ಮಸ್ ಮುಗಿದದ್ದೇ ತಡ, ಅರ್ಧ ಮಾಲ್‌ಗೆ ಶಾಖ ನಿಲ್ಲಿಸಿದರು. ಮರದ ಕೆಳಗೆ ನಮ್ಮ ಉಸಿರು ಹೊಗೆಯಾಗಿ ಕಾಣತೊಡಗಿತು. ಆರ್ಡಿತ್ ತೀರಿಹೋದ ಗಂಡನ ಉಣ್ಣೆಯ ಕಾಲುಚೀಲ ತಂದು ಗೂಟಿಗೆ ತೊಡಿಸಿದಳು. ಎರಡು ವಾರದ ಮೇಲೆ ಮ್ಯಾನೇಜರ್ ಡ್ವೇನ್ ಅದನ್ನು ಕಂಡ. ಒಂದು ಕಾಲದಲ್ಲಿ ಇದೇ ಮರದ ಕೆಳಗೆ ಕ್ರಿಸ್‌ಮಸ್‌ನ ಸಾಂಟಾ ವೇಷದವನ ತೊಡೆಯ ಮೇಲೆ ಕುಳಿತು ರಂಪ ಮಾಡಿದ್ದ ಹುಡುಗ, ಈಗ ಬೋಳುತಲೆ.

"ಏನ್ ಮೇಡಂ ಇದು? ಮರಕ್ಕೆ ಕಾಲುಚೀಲ?"

"ಶೀತ ಆಗಿದೆ ಮಗಾ ಅದಕ್ಕೆ."

"ತಮಾಷೆ ಬೇಡಿ. ಇಲ್ಲಿಂದ ಒಂದು ಮೊಳೇನೂ ಹೊರಗೆ ಹೋಗೋ ಹಾಗಿಲ್ಲ ಅಂತ ಮೇಲಿನೋರು ಹೇಳಿದಾರೆ. ಎಲ್ಲಾ ಪಟ್ಟೀಲಿದೆ."

"ಪಟ್ಟೀಲಿ ಮರ ಎಷ್ಟಿದೆ?"

"ಒಂದು."

"ಆ ಒಂದನ್ನ ನೀನೇ ಇಟ್ಕೋ. ನಾನು ಒಯ್ಯೋದು ಕೊಂಬೆ."

ಡ್ವೇನ್ ತಲೆ ಕೆರೆದುಕೊಂಡ. ಮೇಲೆ ನೋಡಿದ, ನನ್ನ ಕಡೆ ನೋಡಿದ. ನಾನು ಬೂಟಿನ ದಾರ ಕಟ್ಟುತ್ತಿದ್ದೆ, ಬಿಚ್ಚಿರದಿದ್ದರೂ.

"ಉದುರಿದ್ದನ್ನ ಗುಡಿಸೋದು ನಿಮ್ಮ ಕೆಲಸ ತಾನೆ," ಅಂದ ಕೊನೆಗೆ. "ಗುಡಿಸಿದ್ದನ್ನ ಎಲ್ಲಿ ಹಾಕ್ತೀರಿ ಅಂತ ನಾನೇನೂ ಕೇಳಿಲ್ಲಪ್ಪ." ಮರುದಿನ ಮರದ ಬುಡದಲ್ಲಿ ಒಂದು ಸಣ್ಣ ಹೀಟರ್ ಇತ್ತು. ಯಾರಿಟ್ಟರೆಂದು ನಾವೂ ಕೇಳಲಿಲ್ಲ.

ಕೊನೆಯ ದಿನ ಕಾಲುಚೀಲ ಕಳಚಿದಳು. ಪಾಚಿಯೊಳಗೆ ಬೆಳ್ಳಗೆ ಮೂರೇ ಮೂರು ಬೇರು, ಹೊಲಿಗೆಯ ದಾರದಷ್ಟು ಸಣ್ಣವು.

"ಇಷ್ಟೇನಾ?" ಅಂದುಬಿಟ್ಟೆ.

"ನಿನ್ನ ಬಾಯಿಗಿಷ್ಟು! ಏಣಿ ಹಿಡ್ಕೋ ಗಟ್ಟಿಯಾಗಿ."

ಗರಗಸದ ಸದ್ದು ಖಾಲಿ ಅಂಗಡಿಗಳಲ್ಲೆಲ್ಲ ಸುತ್ತಾಡಿ ಬಂತು. ಕಾರನ್ನು ಮೊದಲೇ ಬಿಸಿಮಾಡಿ ಬಾಗಿಲಿಗೆ ತಂದಿದ್ದೆ. ಆದರೂ ಬಾಗಿಲಿನಿಂದ ಕಾರಿಗೆ ಹತ್ತು ಹೆಜ್ಜೆ ಇತ್ತು. ಕಂಬಳಿ ಸುತ್ತಿದ ಕೊಂಬೆಯನ್ನು ಅವಳು ಎದೆಗವಚಿಕೊಂಡು ನಡೆದಳು. ಗಾಳಿ ಬೀಸಿತು, ಕಂಬಳಿಯ ತುದಿಯಿಂದ ಇಣುಕಿದ ಎಲೆಗಳು ಅಲ್ಲಾಡಿದವು. "ನೋಡೇ," ಅಂದಳು, ಚಳಿಯನ್ನೂ ಮರೆತು ನಿಂತು. "ಗಾಳಿ ಅಂದ್ರೇನು ಅಂತ ಇವತ್ತು ಗೊತ್ತಾಯ್ತು ಇದಕ್ಕೆ."

ಮನೆಗೆ ಬಂದ ವಾರದೊಳಗೆ ಎಲೆಯೆಲ್ಲ ಉದುರಿತು, ಒಂದೂ ಬಿಡದೆ. ಜಾಗ ಬದಲಾದರೆ ಈ ಮರ ಹೀಗೇ ಮುನಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು; ಗೊತ್ತಿದ್ದೂ ಅವಳ ಮುಖ ಬಾಡಿತು. ಅಡುಗೆಮನೆಯ ಕಿಟಕಿಯಲ್ಲಿ ಬರೀ ಕಡ್ಡಿ. ಮಾರ್ಚ್ ತಿಂಗಳಿಡೀ ನಾನು ಹೋದಾಗ ಅದರ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ. ಅತ್ತ ಯಂತ್ರಗಳು ಬಂದು ಗಾಜಿನ ಮಾಡು ಇಳಿಸಿದವು.

ಏಪ್ರಿಲಿನ ಒಂದು ಮಧ್ಯಾಹ್ನ ಬಾಗಿಲು ತಟ್ಟಿದೆ. "ತೆಗೆದೇ ಇದೆ, ಬಾ. ಹತ್ರ ಹೋಗಿ ನೋಡು, ಮುಟ್ಟಬೇಡ," ಎಂದಳು ಒಳಗಿಂದಲೇ. ಕಡ್ಡಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಹಸಿರೇ.

"ಆರ್ಡಿತ್!" ಅಂದೆ.

"ಹ್ಞೂಂ. ನಿನ್ನೆ ಬೆಳಿಗ್ಗೆ. ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ," ಅಂದಳು ಮೂಗೊರೆಸಿಕೊಳ್ಳುತ್ತಾ. "ಸರಿ, ನಿಂತ್ಕೋಬೇಡ. ಸೂಪಿಗೆ ಇಟ್ಟಿದೀನಿ, ಆ ಆಲೂಗಡ್ಡೆ ಇಷ್ಟು ಸುಲಿದುಕೊಡು."

ನಾನು ಚಾಕು ತೆಗೆದುಕೊಂಡು ಕುಳಿತೆ.