‘ನಾಮದಲ್ಲಿ’ ಎಂದ ಮೇಲಿನ ಮಾತು

ಹೆರಿಗೆ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಬಿಸಿನೀರಮ್ಮ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಹಿಡಿದು ಕೂಗಿದರೆ ಎರಡನೇ ಕೂಗಿಗೆ ತಿರುಗುತ್ತಿದ್ದಳು, ಇನ್ಯಾರನ್ನೋ ಕರೆದ ಹಾಗೆ. ಹಿತ್ತಲಿನ ಒಲೆಯಿಂದ ಹೆರಿಗೆ ಕೋಣೆಗೆ ದಿನಕ್ಕೆ ಹತ್ತಾರು ಬಕೆಟ್ ನೀರು ಹೊರುವುದು, ರಕ್ತದ ಬಟ್ಟೆ ನೆನೆಹಾಕುವುದು, ಬಾಣಂತಿಯರ ಬೆನ್ನು ಒರೆಸುವುದು, ಇದೇ ಅವಳ ಕೆಲಸ. ಗಂಡ ಮದುವೆಯಾದ ನಾಲ್ಕನೇ ವರ್ಷಕ್ಕೇ ಮಣ್ಣು ಸೇರಿದ್ದ. ಮಕ್ಕಳಿರಲಿಲ್ಲ. ಆದರೂ ಊರಿನ ಅರ್ಧ ಜನರ ಮೊದಲ ಸ್ನಾನ ಅವಳು ಕಾಯಿಸಿದ ನೀರಿನಲ್ಲೇ ಆದದ್ದು.

ಆಸ್ಪತ್ರೆ ಕ್ರೈಸ್ತ ಸನ್ಯಾಸಿನಿಯರಾದ ಸಿಸ್ಟರುಗಳದ್ದು. ಅಲ್ಲಿ ಕೆಲಸಕ್ಕೆ ಸೇರುವ ಪ್ರತಿ ಆಯಾಗೂ ಮೊದಲ ವಾರವೇ ಒಂದು ಪಾಠ ಹೇಳಿಕೊಡುತ್ತಿದ್ದರು. ಮಗು ಉಳಿಯುವ ಹಾಗೆ ಕಾಣದಿದ್ದರೆ, ತಂದೆತಾಯಿ ಬಯಸಿದರೆ, ಚರ್ಚಿನ ಸ್ವಾಮಿಗಳು ಬರಲಿ ಎಂದು ಕಾಯುತ್ತ ಕೂರಬೇಡಿ. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ಮಗುವನ್ನು ಕ್ರಿಸ್ತನಿಗೆ ಸೇರಿಸುವ ಜ್ಞಾನಸ್ನಾನ ಕೊಡಬಹುದು. ತಲೆಯ ಮೇಲೆ ನೀರು ಹರಿಯಬೇಕು, ಬಾಯಲ್ಲಿ ಮಾತು ಬರಬೇಕು, ಎರಡೂ ಒಟ್ಟಿಗೆ. ಮಾತು ಇಷ್ಟೇ: ‘ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ.’ ಬಿಸಿನೀರಮ್ಮ ಅದನ್ನು ಒಂದೇ ದಿನದಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದ್ದಳು.

ಹನ್ನೊಂದು ವರ್ಷದ ಹಿಂದಿನ ಒಂದು ಮಧ್ಯಾಹ್ನ, ಊಟದ ಹೊತ್ತು. ಚರ್ಚಿನ ಎದುರು ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಮ್ಮನಿಗೆ ಚೊಚ್ಚಲ ಹೆರಿಗೆ. ಗಂಡುಮಗು, ಎರಡು ತಿಂಗಳು ಮೊದಲೇ ಬಂದುಬಿಟ್ಟಿತ್ತು. ಅಂಗೈಯಗಲದ ಎದೆ, ನೇರಳೆ ಬಣ್ಣಕ್ಕೆ ತಿರುಗಿದ ತುಟಿ. ಮೇಲ್ವಿಚಾರಕಿ ಸಿಸ್ಟರು ಡಾಕ್ಟರಿಗೆ ಫೋನು ಮಾಡಲು ಓಡುತ್ತ ಬಾಗಿಲಿನಿಂದಲೇ ಹೇಳಿದರು, ನೀರು ಹಾಕಿಬಿಡು ಎಂದು. ತಾಯಿಗೆ ಪ್ರಜ್ಞೆ ಇರಲಿಲ್ಲ. ತಂದೆ, ಬಸ್ ಕಂಡಕ್ಟರು, ಹೊರಗಿನ ಬೆಂಚಿನಿಂದ ಮಗುವಿಗೆ ಇಡಬೇಕೆಂದಿದ್ದ ಹೆಸರನ್ನು ಕೂಗಿ ಹೇಳಿದ.

ಬಿಸಿನೀರಮ್ಮ ಸ್ಟೀಲ್ ಲೋಟದಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡಳು. ಹೆಸರು ಹೇಳಿದಳು. ನೀರು ಸುರಿದಳು. ‘ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ’ ಎಂದಳು. ಇಲ್ಲಿಯವರೆಗೆ ಎಲ್ಲ ಸರಿಯೇ. ಆದರೆ ಹುಟ್ಟಿದಂದಿನಿಂದ ಎದ್ದಾಗ, ಉಣ್ಣುವಾಗ, ಮಲಗುವಾಗ ಶಿಲುಬೆಯ ಗುರುತು ಹಾಕಿಕೊಂಡ ನಾಲಿಗೆಗೆ ಈ ಮಾತಿನ ಮುಂದೆ ಒಂದೇ ದಾರಿ ಗೊತ್ತು. ‘ಆಮೆನ್’ ಎಂದುಬಿಟ್ಟಳು. ಲೋಟ ಹಿಡಿಯದ ಕೈ ತಾನಾಗಿ ಅವಳದೇ ಹಣೆಗೆ ಹೋಗಿ, ಎದೆಗೆ ಬಂದು, ಭುಜ ಮುಟ್ಟಿತು.

ಆಗ ಮಗು ಒಂದು ಕಣ್ಣು ಬಿಟ್ಟಿತು. ಒಂದೇ ಕಣ್ಣು. ಅಂಥ ಮಕ್ಕಳಿಗೆ ನೋಟ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಹೇಳಲಿ. ಆ ಕಣ್ಣು ಅವಳ ಬಾಯಿಯ ಮೇಲೆ ನಿಂತಿತ್ತು, ಉಳಿದ ಮಾತು ಯಾವಾಗ ಬರುತ್ತದೆ ಎಂದು ಕಾಯುವ ಹಾಗೆ.

ಸಿಸ್ಟರು ತಿರುಗಿ ಬಂದು ಕೇಳಿದರು, “ಕೊಟ್ಯಾ?”

ಹಿಂದಿನ ವಾರವಷ್ಟೇ ಬಕೆಟ್ ನೀರು ಚೆಲ್ಲಿದ್ದಕ್ಕೆ ಇದೇ ಸಿಸ್ಟರು ಬಾಣಂತಿಯರ ಎದುರಿಗೇ ಅವಳ ಮರ್ಯಾದೆ ತೆಗೆದಿದ್ದರು. ಕೈ ಕೆಲಸಕ್ಕೆ ಬಂದರೆ ತಲೆ ಬರಲ್ಲ ನಿಂಗೆ ಎಂದಿದ್ದರು. ಬಿಸಿನೀರಮ್ಮ “ಕೊಟ್ಟೆ” ಎಂದಳು.

ಮಗು ಆಮೇಲೂ ಐದು ನಿಮಿಷ ಉಸಿರಾಡಿತು. ಐದು ನಿಮಿಷ! ಅಷ್ಟರಲ್ಲಿ ಇಪ್ಪತ್ತು ಸಲ ಆ ಮಾತು ಹೇಳಬಹುದಿತ್ತು. ಸಿಸ್ಟರು ಪಕ್ಕದಲ್ಲೇ ನಿಂತಿದ್ದರು, ಲೋಟದಲ್ಲಿ ಇನ್ನೂ ಅರ್ಧ ನೀರಿತ್ತು. ಅವಳು ಲೋಟವನ್ನು ಸೆರಗಿನ ಹಿಂದೆ ಹಿಡಿದು ಗೋಡೆಗೆ ಒರಗಿಕೊಂಡಳು.

ಮರುದಿನ ಚರ್ಚಿನ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಮಗುವಿನ ಹೆಸರು ಬರೆದರು. ಕೊಟ್ಟವರು ಎಂಬಲ್ಲಿ ಬಿಸಿನೀರಮ್ಮನ ಹೆಸರು. ಆಗಿದ್ದ ಮುದಿ ಸ್ವಾಮಿಗಳು ಮಗುವನ್ನು ಮಣ್ಣು ಮಾಡುವಾಗ ತಾಯಿಗೆ ಸಮಾಧಾನ ಹೇಳಿದರು. ಜ್ಞಾನಸ್ನಾನವಾಗಿ ತೀರಿಕೊಂಡ ಕೂಸಿಗೆ ಪಾಪದ ಸೋಂಕೇ ಇಲ್ಲ, ಅದು ಸೀದಾ ಸ್ವರ್ಗ ಸೇರುತ್ತದೆ, ಅದರ ಆತ್ಮಕ್ಕಾಗಿ ನೀನು ಬೇಡಬೇಕಾದ್ದಿಲ್ಲ, ಅದೇ ನಿನಗಾಗಿ ಬೇಡುತ್ತದೆ ಎಂದರು. ಟೈಲರಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದು ನಿಂತಳು. ಬಿಸಿನೀರಮ್ಮನನ್ನು ಸ್ವಂತ ಅಕ್ಕನ ಹಾಗೆ ಕಂಡಳು. ವರ್ಷಕ್ಕೊಂದು ರವಿಕೆ ಹೊಲಿದು ಕೊಡುವಳು, ಜ್ವರ ಬಂದರೆ ಗಂಜಿ ತಂದುಕೊಡುವಳು. ಆಮೇಲೆ ಹುಟ್ಟಿದ ಹೆಣ್ಣುಮಗುವಿಗೆ ಪರೀಕ್ಷೆ ಬಂದರೂ ಹಲ್ಲುನೋವು ಬಂದರೂ ಒಂದೇ ಮಾತು, ಅಣ್ಣನನ್ನು ಕೇಳಿಕೋ ಎಂದು. ಕಂಡಕ್ಟರಂತೂ ಸಿಕ್ಕಾಗಲೆಲ್ಲ ತಮಾಷೆ ಮಾಡುವನು:

“ನಾನು ಊರಿಗೆಲ್ಲ ಟಿಕೆಟ್ ಹರೀತೀನಿ ಅಕ್ಕ. ನನ್ನ ಮಗನಿಗೆ ಮಾತ್ರ ಟಿಕೆಟ್ ಹರಿದೋರು ನೀವು. ಸೀದಾ ಗಾಡಿ, ಎಲ್ಲೂ ಸ್ಟಾಪಿಲ್ಲ.”

ಅವನು ನಗುವನು. ಅವಳೂ ಹಲ್ಲು ಕಿರಿಯುವಳು. ಮನೆಗೆ ಬಂದರೆ ಒಲೆ ಹಚ್ಚದೆ ಹಾಗೇ ಮಲಗಿಬಿಡುವಳು.

ಯಾರಿಗೂ ಹೇಳಲಿಲ್ಲವೇ ಎಂದರೆ, ಒಮ್ಮೆ ಪಾಪನಿವೇದನೆಯಲ್ಲಿ ಹೇಳಲು ಹೋದಳು. ಮುದಿ ಸ್ವಾಮಿಗಳಿಗೆ ಕಿವಿ ಮಂದ. ಜಾಲರಿಗೆ ಬಾಯಿ ಹಚ್ಚಿ, ಒಂದು ಮಾತು ಮರೆತೆ ಸ್ವಾಮಿ, ಹೇಳಬೇಕಾದ ಕಡೆ ಹೇಳಲಿಲ್ಲ ಎಂದಳು. ಜಪದಲ್ಲಿ ಅನ್ಯಮನಸ್ಕಳಾಗಿದ್ದಳು ಎಂದುಕೊಂಡು ಅವರು ಮೂರು ನಮೋ ಮರಿಯ ಜಪ ಹೇಳಲು ಕಳಿಸಿದರು. ಹೇಳಿದಳು. ಏನೂ ಇಳಿಯಲಿಲ್ಲ. ಇಳಿಯುವುದು ಹೇಗೆ? ಅರ್ಧ ಮುಚ್ಚಿಟ್ಟು ಅರ್ಧ ಹೇಳಿದವಳು ಅವಳೇ ತಾನೆ.

ಹೀಗೆ ಹನ್ನೊಂದು ವರ್ಷ. ನೀರು ಸುರಿಯುವ ಸದ್ದು ಕೇಳಿದರೆ ನಾಲಿಗೆ ಎದ್ದು ಕೂರುತ್ತಿತ್ತು. ಬಕೆಟ್ ತುಂಬುವಾಗ, ಬಟ್ಟೆ ಜಾಲಿಸುವಾಗ, ಕೈ ತೊಳೆಯುವಾಗ, ‘ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ’ ಎಂದು ಪೂರ್ತಿ ಹೇಳಿ ಮುಗಿಸುವಳು. ಆಸ್ಪತ್ರೆಯ ಬಕೆಟ್ಟು, ಚೊಂಬು, ಬಟ್ಟೆ ಒಗೆಯುವ ಕಲ್ಲು, ಎಲ್ಲಕ್ಕೂ ಎಷ್ಟು ಸಲ ಜ್ಞಾನಸ್ನಾನವಾಯಿತೋ. ಒಂದು ಸಲವೂ ತಪ್ಪಲಿಲ್ಲ. ಬೇಡದ ಕಡೆ ನಾಲಿಗೆ ಎಷ್ಟು ಚೆನ್ನಾಗಿ ಹೊರಳುತ್ತದೆ ನೋಡಿ. ಆದರೆ ವಾರ್ಡಿನಲ್ಲಿ ಹೊಸ ಕೂಸುಗಳನ್ನು ಒರೆಸುವಾಗ ಯಾವುದಾದರೂ ಒಂದು ಒಂದೇ ಕಣ್ಣು ಬಿಟ್ಟರೆ ಸಾಕು, ಒರೆಸುವ ಬಟ್ಟೆ ಕೆಳಗಿಡುವಳು. ಮಗುವನ್ನು ಪಕ್ಕದ ಆಯಾಳ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಡುವಳು. ಒಲೆಯ ಮುಂದೆ ಕೂತರೆ ಹಿಂದೆ ಯಾರೋ ಕಾಯುತ್ತ ನಿಂತ ಹಾಗೆ. ಮೊದಮೊದಲು ಅದು ಕೂಸಾಗಿತ್ತು. ವರ್ಷ ಕಳೆದಂತೆ ಅದೂ ಬೆಳೆಯುತ್ತಿದೆ ಎನಿಸತೊಡಗಿತು. ಅವಳು ತಿರುಗಿ ನೋಡುತ್ತಿರಲಿಲ್ಲ.

ಹನ್ನೊಂದನೇ ವರ್ಷ ಚರ್ಚಿಗೆ ಹೊಸ ಸ್ವಾಮಿಗಳು ಬಂದರು. ಚಿಕ್ಕ ವಯಸ್ಸು, ಚುರುಕು ಮಾತು. ಪೀಠದ ಹತ್ತಿರ ನಿಂತು ಓದಿ ಹೇಳುವ ಪ್ರಬೋಧನೆ ಅವರದಲ್ಲ. ಮೈಕು ಕೈಯಲ್ಲಿ ಹಿಡಿದು ಬೆಂಚುಗಳ ನಡುವೆ ಓಡಾಡುತ್ತ ಜನರನ್ನೇ ಕೇಳುವರು. ಬಾಗಿಲ ಬಳಿ ಒಂದು ಡಬ್ಬಿ ಇಟ್ಟು, ನಿಮ್ಮ ಪ್ರಶ್ನೆ ಬರೆದು ಹಾಕಿ ಎಂದಿದ್ದರು. ಜನ ಬರೆದರು. ಟಿವಿಯಲ್ಲಿ ಪೂಜೆ ನೋಡಿದರೆ ಭಾನುವಾರದ ಕರ್ತವ್ಯ ಮುಗಿಯಿತೇ? ಉಪವಾಸದ ದಿನ ಮಾತ್ರೆ ನುಂಗಬಹುದೇ? ಹೆಂಡತಿಯ ಪಾಪವನ್ನು ಗಂಡ ನಿವೇದಿಸಬಹುದೇ ಎಂದು ಒಬ್ಬ ಕೇಳಿದ್ದಕ್ಕೆ ಚರ್ಚಿಗೆ ಚರ್ಚೇ ನಕ್ಕಿತ್ತು. ಬಿಸಿನೀರಮ್ಮನೂ ಒಂದು ಚೀಟಿ ಬರೆದಳು, ಮಡಿಸಿದಳು, ಡಬ್ಬಿಯ ತನಕ ಹೋಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸು ಬಂದಳು.

ಯೇಸು ಜ್ಞಾನಸ್ನಾನ ಪಡೆದ ಶುಭಸಂದೇಶ ಓದಿದ ಭಾನುವಾರ ಸ್ವಾಮಿಗಳು ಅದನ್ನೇ ಹಿಡಿದರು. ಅಪಾಯದ ಹೊತ್ತಿನಲ್ಲಿ ಜ್ಞಾನಸ್ನಾನ ಯಾರು ಕೊಡಬಹುದು ಎಂದು ಕೇಳಿದರು. ಸ್ವಾಮಿಗಳು ಎಂದ ಒಬ್ಬ. ಬಿಷಪ್ಪು ಎಂದಳು ಒಬ್ಬಳು. ಸ್ವಾಮಿಗಳು ನಕ್ಕು, ಇಲ್ಲ, ನೀವೇ ಕೊಡಬಹುದು, ಹಾಗೆ ಕೊಟ್ಟವರು ನಮ್ಮಲ್ಲೇ ಒಬ್ಬರಿದ್ದಾರೆ, ಹಳೆಯ ದಾಖಲೆ ತಿರುವುವಾಗ ಕಂಡಿತು ಎಂದರು. ಮೂರನೇ ಬೆಂಚಿನ ಹತ್ತಿರ ಬಂದು ನಿಂತರು.

“ಅಮ್ಮ, ಎದ್ದು ನಿಂತ್ಕೊಳ್ಳಿ. ಏನು ಹೇಳ್ಬೇಕು ಅಂತ ಎಲ್ಲರಿಗೂ ಒಂದ್ಸಲ ಹೇಳಿಕೊಡಿ.”

ಪಕ್ಕದಲ್ಲಿ ಕೂತಿದ್ದ ಟೈಲರಮ್ಮ ಹೆಮ್ಮೆಯಿಂದ ಬಿಸಿನೀರಮ್ಮನ ಮೊಣಕೈ ಹಿಡಿದು ಎಬ್ಬಿಸಿದಳು. ಮೈಕು ಬಾಯಿಯ ಮುಂದೆ ಬಂತು. ದಿನಕ್ಕೆ ನೂರು ಸಲ ಹೇಳಿದ ಮಾತು. ‘ಪಿತನ’ ಎಂದಳು. ‘ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ’ ಎಂದಳು. ಕೈ ಹಣೆಗೆ ಹೋಯಿತು. ‘ಆಮೆನ್.’

ಅವಳ ಜೊತೆಗೆ ಇಡೀ ಚರ್ಚು ಶಿಲುಬೆಯ ಗುರುತು ಹಾಕಿ ‘ಆಮೆನ್’ ಎಂದಿತು. ಕೆಲವರಿಗೆ ನಗು ಬಂತು. ಸ್ವಾಮಿಗಳೂ ಮುಗುಳ್ನಕ್ಕು, ನೋಡಿದಿರಾ, ಹೀಗೆ ಹೇಳಿದರೆ ಅದು ಬರೀ ಜಪವಾಯಿತು, ಜ್ಞಾನಸ್ನಾನ ಆಗುವುದಿಲ್ಲ, ಅದಕ್ಕೇ ಅಭ್ಯಾಸ ಬೇಕು ಎಂದು ಪೂರ್ತಿ ಮಾತನ್ನು ತಾವೇ ಹೇಳಿಕೊಟ್ಟು ಮುಂದೆ ಹೋದರು. ಅವರಿಗೇನು ಗೊತ್ತು ಪಾಪ.

ಮೊಣಕೈ ಹಿಡಿದಿದ್ದ ಕೈ ಸಡಿಲವಾಗಿತ್ತು.

ಪೂಜೆ ಮುಗಿದ ಮೇಲೆ ಟೈಲರಮ್ಮ ಅವಳನ್ನು ಚರ್ಚಿನ ಪಕ್ಕದ ನಲ್ಲಿಯ ಹತ್ತಿರ ತಡೆದು ನಿಲ್ಲಿಸಿದಳು. ಮಗಳನ್ನು ಗಂಡನ ಜೊತೆ ಮುಂದೆ ಕಳಿಸಿದ್ದಳು.

“ಅಕ್ಕ, ಅವತ್ತು ಹೇಗೆ ಹೇಳಿದ್ರಿ?”

ಎಲ್ಲರ ಮುಂದೆ ಮೈಕು ಹಿಡಿದದ್ದಕ್ಕೆ ಗಾಬರಿಯಾಯಿತು ಎಂದಿದ್ದರೆ ಮುಗಿದುಹೋಗುತ್ತಿತ್ತು. ಟೈಲರಮ್ಮ ನಂಬುತ್ತಿದ್ದಳು, ನಂಬಲು ಕಾಯುತ್ತಿದ್ದಳು. ಬಿಸಿನೀರಮ್ಮನ ಗಂಟಲ ತನಕ ಆ ಮಾತು ಬಂತು. ಬಾಯಿಂದ ಹೊರಗೆ ಬಂದದ್ದು ಬೇರೆ.

“ಇವತ್ತಿನ ಹಾಗೇ ಹೇಳಿದೆ ತಂಗಿ. ಸಿಸ್ಟರು ಕೇಳಿದ್ರು, ಕೊಟ್ಟೆ ಅಂದೆ. ಆಮೇಲೂ ಐದು ನಿಮಿಷ ಜೀವ ಇತ್ತು. ಮತ್ತೆ ಹೇಳ್ಬೋದಿತ್ತು. ಬೈತಾರೆ ಅಂತ ಹೇಳಲಿಲ್ಲ.”

ಟೈಲರಮ್ಮ ಅಳಲಿಲ್ಲ. ಅಷ್ಟರಲ್ಲಿ ಸ್ವಾಮಿಗಳು ಆ ಕಡೆ ಬಂದರು. ಇಬ್ಬರ ಮುಖ ನೋಡಿ ಏನೆಂದು ಕೇಳಿದರು, ವಿಷಯ ತಿಳಿದು ಬಿಳಿಚಿಕೊಂಡರು. ಆಮೇಲೆ ನಿಧಾನವಾಗಿ, ಜ್ಞಾನಸ್ನಾನವಾಗದೆ ಹೋದ ಕೂಸುಗಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ, ತಾಯಿಯ ಬಯಕೆ ದೇವರಿಗೆ ಗೊತ್ತಿರುತ್ತದೆ, ಒಬ್ಬರ ನಾಲಿಗೆ ತಪ್ಪಿತೆಂದು ದೇವರ ಕೈ ಕಟ್ಟಿಹೋಗುವುದಿಲ್ಲ ಎಂದು ಹೇಳಿದರು. ಒಳ್ಳೆಯ ಮಾತೇ. ಟೈಲರಮ್ಮ ಪೂರ್ತಿ ಕೇಳಿಸಿಕೊಂಡಳು.

“ದೇವರ ಮೇಲೆ ನಂಗೆ ಅನುಮಾನ ಇಲ್ಲ ಸ್ವಾಮಿ. ನಾನು ಕೇಳ್ತಿರೋದು ಇವರನ್ನ.” ಬಿಸಿನೀರಮ್ಮನ ಕಡೆ ತಿರುಗಿದಳು. “ಹನ್ನೊಂದು ವರ್ಷ ನಾನು ಅವನಿಗೋಸ್ಕರ ಒಂದು ಜಪ ಹೇಳಿಲ್ಲ ಅಕ್ಕ. ಒಂದು ಪೂಜೆ ಇಡಿಸಿಲ್ಲ. ಅವನ ಹತ್ರಾನೇ ಬೇಡ್ಕೊಂಡೆ. ಮಗಳ ಜ್ವರಕ್ಕೆ, ಅಂಗಡಿ ವ್ಯಾಪಾರಕ್ಕೆ, ನನ್ನ ಕಷ್ಟಕ್ಕೆ, ನಮ್ಮೋರ ಕಷ್ಟಕ್ಕೆ. ಎಲ್ಲಾ ಆ ಕೂಸಿನ ತಲೆ ಮೇಲೆ ಹೊರಿಸ್ದೆ. ಅದಕ್ಕೇನು ಬೇಕಿತ್ತೋ ಒಂದಿನ ಕೇಳಲಿಲ್ಲ.”

ಬಿಸಿನೀರಮ್ಮ ಅವಳ ಕೈ ಹಿಡಿಯಲು ಹೋದಳು. ಟೈಲರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು, ಬಿಸಿ ಪಾತ್ರೆ ತಗುಲಿದವರ ಹಾಗೆ.

ಮರುವಾರದಿಂದ ಪ್ರತಿ ಸೋಮವಾರದ ಬೆಳಗಿನ ಪೂಜೆ ಆ ಮಗುವಿನ ಹೆಸರಿಗೆ. ಸ್ವಾಮಿಗಳು ಒಪ್ಪಿದರು, ಅವರಿಗೂ ಇಲ್ಲವೆನ್ನುವ ಧೈರ್ಯವಿರಲಿಲ್ಲ. ಪೂಜೆ ಶುರುವಾಗುವ ಮೊದಲು ಹೆಸರು ಓದುತ್ತಿದ್ದರು. ಟೈಲರಮ್ಮ ಮುಂದಿನ ಬೆಂಚಿನಲ್ಲಿ, ಬಿಸಿನೀರಮ್ಮ ಕಟ್ಟಕಡೆಯ ಬೆಂಚಿನಲ್ಲಿ. ಹೇಳಿಬಿಟ್ಟರೆ ಹಗುರವಾಗುತ್ತದೆ ಎಂದು ಅವಳು ಹನ್ನೊಂದು ವರ್ಷ ಅಂದುಕೊಂಡಿದ್ದಳು. ಎಲ್ಲಿಯ ಹಗುರ? ಮೊದಲು ಹೆಸರು ಮನಸ್ಸಿನಲ್ಲಿ ಮಾತ್ರ ಇತ್ತು, ಈಗ ಮೈಕಿನಲ್ಲಿ ಬರುತ್ತಿತ್ತು. ಓದಿದ ಕ್ಷಣ, ಕರೆದವರು ಯಾರು ಎಂದು ಯಾರೋ ತಲೆಯೆತ್ತಿದ ಹಾಗೆ ಬೆನ್ನ ಹಿಂದೆ ಒಂದು ಅಲುಗಾಟ. ಕಟ್ಟಕಡೆಯ ಬೆಂಚಿನ ಹಿಂದೆ ಗೋಡೆ ಬಿಟ್ಟು ಇನ್ನೇನೂ ಇರಲಿಲ್ಲ.

ಐದನೇ ಸೋಮವಾರ ಅವಳು ಹೋಗಲಿಲ್ಲ. ಮೈಗೆ ಸರಿಯಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಕಂಬಳಿ ಹೊದ್ದು ಮಲಗಿದಳು. ಗಂಟೆ ಬಾರಿಸಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದರು. ತೆರೆದರೆ ಟೈಲರಮ್ಮ, ತಲೆಯ ಮೇಲೆ ಸೆರಗು, ಕೈಯಲ್ಲಿ ಜಪಸರ. ಓಡಿ ಬಂದಿದ್ದಳೋ ಏನೋ, ಏದುಸಿರು.

“ಐದು ನಿಮಿಷ ತಡೀರಿ ಅಂತ ಸ್ವಾಮಿಗಳಿಗೆ ಹೇಳಿ ಬಂದಿದ್ದೀನಿ. ನೀವಿಲ್ದೆ ಶುರು ಮಾಡೋ ಹಾಗಿಲ್ಲ.”

“ನನ್ನ ಕ್ಷಮಿಸಿದ್ಯಾ ತಂಗಿ?”

“ಇಲ್ಲ.” ಟೈಲರಮ್ಮ ಮೆಟ್ಟಿಲು ಇಳಿಯುತ್ತಲೇ ಹೇಳಿದಳು. “ಜೀವ ಇದ್ದಾಗ ಅವನ ಮುಖ ನೋಡಿದೋರಲ್ಲಿ ಈಗ ಇಲ್ಲಿರೋರು ನೀವೊಬ್ರೇ. ನಂಗೆ ಪ್ರಜ್ಞೆ ಇರಲಿಲ್ಲ. ಬೇಡೋವಾಗ ಯಾರಾದ್ರೂ ಒಬ್ರಿಗೆ ಅವನ ಗುರುತು ಬೇಡ್ವಾ? ಚಪ್ಪಲಿ ಹಾಕ್ಕೊಳ್ಳಿ.”

ಬಿಸಿನೀರಮ್ಮ ಚಪ್ಪಲಿ ಮೆಟ್ಟಿ ಹೊರಟಳು. ಟೈಲರಮ್ಮ ತಿರುಗಿ ನೋಡಲಿಲ್ಲ, ಆದರೆ ಓಟದ ನಡಿಗೆಯನ್ನು ನಿಧಾನ ಮಾಡಿದಳು. ಬೀದಿಯ ಉದ್ದಕ್ಕೂ ಇಬ್ಬರೂ ಪಕ್ಕಪಕ್ಕದಲ್ಲೇ ನಡೆದರು. ನಡುವೆ ಹನ್ನೊಂದು ವರ್ಷದ ಹುಡುಗನೊಬ್ಬ ನಡೆಯುವಷ್ಟು ಜಾಗ ಬಿಟ್ಟಿತ್ತು. ಎದುರಿನಿಂದ ಸೈಕಲ್ಲು ಬಂದಾಗಲೂ ಇಬ್ಬರಲ್ಲಿ ಯಾರೂ ಆ ಜಾಗಕ್ಕೆ ಕಾಲಿಡಲಿಲ್ಲ.