ಡೆರೆಕ್ ಮುಚ್ಚಿಟ್ಟ ಹೆಸರು

ನನ್ನ ಗಂಡ ಡೆರೆಕ್ ಓರ್ಮರಾಡ್‌ನ ಬಗ್ಗೆ ಕಿರು ಸಾಕ್ಷ್ಯಚಿತ್ರ ತೆಗೆಯುತ್ತೇನೆಂದು ಮ್ಯಾಂಚೆಸ್ಟರ್‌ನಿಂದ ಇಮೋಜೆನ್ ಎಂಬ ಹುಡುಗಿ ಬಂದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಬಸ್ ಡಿಪೊದಲ್ಲಿ ಗ್ರೀಸು ಮೆತ್ತಿಕೊಂಡೇ ಆಯುಷ್ಯ ಕಳೆದವನು. ಭಾನುವಾರ ಮಧ್ಯಾಹ್ನ ಮಾತ್ರ ನಮ್ಮೂರು ಬರ್ನ್ಲಿಯ ಕಾರ್ಮಿಕರ ಕ್ಲಬ್ಬಿನಲ್ಲಿ ಡಿಜೆ. ಅಮೆರಿಕದ ಕಪ್ಪು ಗಾಯಕರ ಹಳೆಯ 'ಸೋಲ್' ಹಾಡುಗಳ ಗ್ರಾಮಫೋನ್ ಪ್ಲೇಟು ಹಾಕಿ ಜನರನ್ನು ಕುಣಿಸುತ್ತಾನೆ.

"ಅರ್ಧ ಚಿತ್ರ ಇವನು ಕನ್ನಡಕ ಹುಡುಕೋದ್ರಲ್ಲೇ ಮುಗ್ದುಹೋಗುತ್ತೆ ನೋಡಮ್ಮ" ಎಂದೆ. ಇಮೋಜೆನ್ ನಕ್ಕಳು. ಡೆರೆಕ್ ನಗಲಿಲ್ಲ.

ನಮ್ಮ ಕಡೆಯ ಡಿಜೆಗಳದು ಒಂದು ಕೆಟ್ಟ ಚಾಳಿ. ಯಾರ ಹತ್ತಿರವೂ ಇಲ್ಲದ ಪ್ಲೇಟು ಕೈಗೆ ಸಿಕ್ಕಿತೋ, ಅದರ ಲೇಬಲ್ಲಿನ ಮೇಲೆ ಸುಳ್ಳು ಹೆಸರಿನ ಚೀಟಿ ಅಂಟಿಸಿಬಿಡುತ್ತಾರೆ. ಆ ಹಾಡು ಬೇಕಾದವರು ಇವರ ಹತ್ತಿರವೇ ಬರಬೇಕು, ಬೇರೆ ಡಿಜೆ ಹುಡುಕಿ ತಂದುಬಿಡಬಾರದು, ಅಷ್ಟೇ. ಡೆರೆಕ್ ಇನ್ನೂ ಒಂದು ಕೈ ಮೇಲೆ. ಅಂಗಡಿಗೇ ಬಾರದ, ಪರೀಕ್ಷೆಗೆಂದು ಅಚ್ಚು ಹಾಕಿದ್ದ ಪ್ಲೇಟೊಂದು ಅವನಿಗೆ ಸಂತೆಯಲ್ಲಿ ಯಾರದೋ ರಟ್ಟಿನ ಡಬ್ಬಿಯೊಳಗೆ ಸಿಕ್ಕಿತ್ತು. ಹಾಡಿದವಳ ಹೆಸರು ಲೇಬಲ್ಲಿನ ಮೇಲೆ ಕೈಬರಹದಲ್ಲಿ ಇದ್ದದ್ದು ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಕ್ಲೈವ್ ಎನ್ನುವ ಇನ್ನೊಬ್ಬ ಡಿಜೆ ಚೀಟಿಯ ಮೂಲೆ ಕೆರೆದು ನೋಡಿಯಾನೆಂದು ಈ ಮಹಾನುಭಾವ ಆ ಲೇಬಲ್ಲನ್ನೇ ಬಿಸಿನೀರಿನಲ್ಲಿ ನೆನೆಸಿ ಕಿತ್ತು, ಒಲೆಗೆ ಹಾಕಿದ. ಮೇಲೆ 'ಡಾಲಿ ಕ್ವಿನ್' ಎಂದು ತಾನೇ ಹುಟ್ಟಿಸಿದ ಹೆಸರು ಅಂಟಿಸಿದ. ನಿಜವಾದ ಹೆಸರು ಉಳಿದದ್ದು ಅವನ ತಲೆಯಲ್ಲಿ, ಮತ್ತೆ ನನ್ನ ತಲೆಯಲ್ಲಿ. ಮದುವೆಗೆ ಮುಂಚೆ ಒಂದು ಸಂಜೆ ನನಗೊಬ್ಬಳಿಗೆ ಹೇಳಿದ್ದ. ಬೇರೆ ಹುಡುಗಿಯರಿಗೆ ಉಂಗುರ ಸಿಗುತ್ತಿತ್ತು, ನನಗೆ ಇದು!

ಮೊದಲ ದಿನದ ಚಿತ್ರೀಕರಣಕ್ಕೆ ಕ್ಲೈವ್ ಕೂಡ ಬಂದಿದ್ದ. ಕ್ಯಾಮೆರಾ ಕಂಡದ್ದೇ ಶುರುಮಾಡಿದ.

"ಲೇ ಡೆರೆಕ್, ನಲವತ್ತು ವರ್ಷದಿಂದ ಸತಾಯಿಸ್ತಿದೀಯ. ಸಾಯೋಕ್ಕೆ ಮುಂಚೆ ಆದ್ರೂ ಬಾಯ್ಬಿಡೋ ಪುಣ್ಯಾತ್ಮ."

"ಬರೋ ಭಾನುವಾರ ಎಲ್ಲರ ಮುಂದೆ ಚೀಟಿ ಕಿತ್ತು ಹೆಸರು ಹೇಳ್ತೀನಿ. ಕಿವಿ ತೊಳ್ಕೊಂಡು ಬಾ" ಎಂದುಬಿಟ್ಟ ಡೆರೆಕ್.

ಇಮೋಜೆನ್‌ಗೆ ಇನ್ನೇನು ಬೇಕು? ಚಿತ್ರದ ಕೊನೆಗೆ ಅದನ್ನೇ ಇಡುತ್ತೇನೆಂದು ಕುಣಿದಾಡಿದಳು.

ಅವತ್ತು ಸಂಜೆಯಿಂದ ಈ ಮನುಷ್ಯ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಚಹಾ ಅರ್ಧ ಕುಡಿದು ಎದ್ದುಹೋಗುತ್ತಾನೆ. ಪ್ಲೇಟುಗಳನ್ನೆಲ್ಲ ಹೊರಗೆ ಹರಡುತ್ತಾನೆ, ಮತ್ತೆ ಜೋಡಿಸುತ್ತಾನೆ. ಮೆಟ್ಟಿಲು ಹತ್ತಿದ, ಇಳಿದ, ಹಿತ್ತಲಿನ ಶೆಡ್ಡಿಗೆ ಹೋದ, ಬರಿಗೈಯಲ್ಲಿ ಬಂದ.

"ಏನ್ ಕಳ್ಕೊಂಡಿದೀಯ?" ಎಂದೆ.

"ಏನಿಲ್ಲ ಬಿಡೇ, ನಿಂದೊಂದು" ಎಂದು ರೇಗಿದ.

ಬುಧವಾರ ಬಚ್ಚಲಮನೆಯಿಂದ ಅವನ ದನಿ ಕೇಳಿತು. ಗಡ್ಡ ಹೆರೆಯುತ್ತ ಒಬ್ಬನೇ ಎ, ಬಿ ಎಂದು ಅಕ್ಷರ ಹಿಡಿದು ಹೆಂಗಸರ ಹೆಸರು ಗುನುಗುತ್ತಿದ್ದ: "ಅನಿಟಾ... ಆಡ್ರಿ... ಬಾರ್ಬರಾ... ಬೆಟ್ಟಿ..." ಹೆಸರು ಅವನ ಕೈಬಿಟ್ಟು ಹೋಗಿತ್ತು!

ಹೋದ ಚಳಿಗಾಲದಿಂದಲೇ ಹೀಗೆ. ಕಾರನ್ನು ಮಾರುಕಟ್ಟೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದವನು ಅವನು. ಡಾಕ್ಟರ ಹತ್ತಿರ ಹೋಗೋಣ ಅಂದರೆ "ನನಗೇನು ಹುಚ್ಚು ಹಿಡಿದಿದ್ಯಾ?" ಎಂದು ಹಾರಾಡುತ್ತಿದ್ದ. ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನಾಗಿ ಹೇಳಿದರೆ 'ನಿನ್ನ ತಲೆ ಹೋಗ್ತಿದೆ ಕಣೋ' ಎಂದು ಮುಖಕ್ಕೆ ಹೇಳಿದಂತೆಯೇ. ಅವನೇ ಕೇಳಲಿ ಎಂದು ಕಾದೆ. ಕೇಳಿದರೆ ಮರೆವನ್ನು ಒಪ್ಪಿಕೊಂಡಂತೆ, ಆಗ ಡಾಕ್ಟರ ಹತ್ತಿರ ಎಳೆದುಕೊಂಡಾದರೂ ಹೋಗಬಹುದು. ಅವನು ಕೇಳಲಿಲ್ಲ. ಹಟಮಾರಿ ಕತ್ತೆ! ನನಗೆ ಸಿಟ್ಟು ಬಂದಷ್ಟೇ ಭಯವೂ ಆಗಿತ್ತು. ಶನಿವಾರ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ಕ್ಲಬ್ಬು ತುಂಬಿತ್ತು. ಕಾಲು ಜಾರಲೆಂದು ನೆಲಕ್ಕೆ ಪೌಡರು ಉದುರಿಸಿಕೊಂಡು ನಮ್ಮ ವಯಸ್ಸಿನ ಗಂಡಸರೆಲ್ಲ ಗಿರ್ರನೆ ತಿರುಗುತ್ತಿದ್ದರು. ನಾನು ಎಂದಿನಂತೆ ಬಾಗಿಲಲ್ಲಿ ಬಂದವರ ಕೈಗೆ ಮುದ್ರೆ ಒತ್ತುತ್ತಿದ್ದೆ, ಕಣ್ಣು ಮಾತ್ರ ವೇದಿಕೆಯ ಮೇಲೆ. ಡೆರೆಕ್ ಮೈಕು ಹಿಡಿದ. ಇಮೋಜೆನ್ ಕ್ಯಾಮೆರಾವನ್ನು ಅವನ ಮುಖದ ಹತ್ತಿರ ತಂದಳು. ಅವನು ಚೀಟಿ ಕಿತ್ತ. ಕೆಳಗೆ ಬರೀ ಕಪ್ಪು.

"ನೋಡ್ಕೋ ಕ್ಲೈವ್, ನೀನು ಕೆರೆದಿದ್ರೂ ಏನೂ ಸಿಕ್ತಿರಲಿಲ್ಲ!"

ಜನ ಹೋ ಎಂದರು. ಡೆರೆಕ್ ಗಂಟಲು ಸರಿಮಾಡಿಕೊಂಡ. "ಇದನ್ನ ಹಾಡಿದವಳು..." ಎಂದು ನಿಲ್ಲಿಸಿದ. ಅಂಗಿಯ ಅಂಚನ್ನು ಹಿಂಡತೊಡಗಿದ. ಹೇಳಿಕೊಡಲು ಬಾಯಿ ತೆರೆದೆ, ಅಷ್ಟು ದೂರದಿಂದ ಹೇಗೆ ಹೇಳಲಿ?

"ನೊರೀನ್ ಹ್ಯಾಸ್ಲಮ್" ಎಂದ.

ಅದು ನನ್ನ ಹೆಸರು. ನನ್ನ ತವರಿನ ಹೆಸರು.

"ಹೆಂಡ್ತಿ ಹೆಸರು ಹೇಳ್ತಾನಲ್ರೋ, ಕಳ್ಳ! ನಿಜ ಹೇಳೋ!" ಎಂದು ಕ್ಲೈವ್ ಕೂಗಿದ. ತಮಾಷೆಯೆಂದುಕೊಂಡು ಎಲ್ಲರೂ ನಕ್ಕರು. ಡೆರೆಕ್ ಮಾತ್ರ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ನನ್ನಿಂದ ತಡೆಯಲಾಗಲಿಲ್ಲ. ಬಾಗಿಲು ಬಿಟ್ಟು, ಕುಣಿಯಲು ನಿಂತವರನ್ನು ತಳ್ಳಿಕೊಂಡು ವೇದಿಕೆ ಹತ್ತಿದೆ. ಅವನು ಮೈಕನ್ನು ಅಂಗೈಯಲ್ಲಿ ಮುಚ್ಚಿ ನನ್ನ ಕಡೆ ಬಾಗಿದ.

"ತಪ್ಪು ಹೇಳಿದ್ನಲ್ವೇನೇ? ವಾರವೆಲ್ಲ ಹುಡುಕಿದೆ ನೊರೀನ್. ಹುಡುಕಿದಾಗಲೆಲ್ಲ ನಿನ್ನ ಹೆಸರೇ ಸಿಗುತ್ತೆ."

ಅಷ್ಟು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಮೈಕು ಕಿತ್ತುಕೊಂಡು ಹೇಳಿದೆ: "ಅರ್ನೆಸ್ಟೀನ್ ಟಾಲಿವರ್. ಹಾಡಿದವಳು ಅರ್ನೆಸ್ಟೀನ್ ಟಾಲಿವರ್. ಚೆನ್ನಾಗಿ ಕೇಳಿಸ್ಕೊಳ್ಳಿ."

"ಮತ್ತೆ ಅವನೇ ಯಾಕೆ ಹೇಳ್ಲಿಲ್ಲ?" ಎಂದ ಕ್ಲೈವ್. ಏನಾದರೂ ಸುಳ್ಳು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಡೆರೆಕ್ ಮೈಕಿಗೆ ಕೈಚಾಚಿದ.

"ಮರ್ತುಹೋಯ್ತು ಕಣೋ ಕ್ಲೈವ್. ಈಗೀಗ ನಂಗೆ ಮರ್ತುಹೋಗುತ್ತೆ."

ಯಾರೂ ನಗಲಿಲ್ಲ. ಅವನೇ ಪ್ಲೇಟಿನ ಮೇಲೆ ಮುಳ್ಳು ಇಟ್ಟ. ಎಲ್ಲರಿಗಿಂತ ಮೊದಲು ಕುಣಿಯಲು ಇಳಿದವನು ಕ್ಲೈವ್.

ಕ್ಲಬ್ಬು ಖಾಲಿಯಾದ ಮೇಲೆ ಇಮೋಜೆನ್ ಕಣ್ಣೊರೆಸಿಕೊಳ್ಳುತ್ತ ಬಂದಳು. "ನೀವು ಮರೆತ ಭಾಗ ಚಿತ್ರದಲ್ಲಿ ಬೇಡ ಅಂದ್ರೆ ತೆಗೆದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ತೆಗೀಬೇಡ ಮಗಳೇ" ಎಂದ ಡೆರೆಕ್. "ನಾಳೆ ನಾನು ಇವಳ ಹೆಸರನ್ನೂ ಮರೆತ್ರೆ, ಅದನ್ನ ಹಾಕಿ ತೋರಿಸ್ಲಿ. ನನ್ನ ಬಾಯಲ್ಲೇ ಕೇಳಿದ್ರೆ ನಂಬ್ತೀನಿ."