ಬೆಂಚಿನಲ್ಲಿ ಕೂತ ಮೊದಲ ಪಂದ್ಯ

ಮಡಿಕೇರಿಯಲ್ಲಿ ನಾನು ಓದಿದ ಮಹಿಳಾ ಕಾಲೇಜಿಗೇ ಬ್ಯಾಸ್ಕೆಟ್‌ಬಾಲ್ ಸಹಾಯಕ ಕೋಚ್ ಆಗಿ ಮರಳಿದ ಮೇಲಿನ ಮೊದಲ ಸ್ನೇಹ ಪಂದ್ಯವದು. ಅಂಕಣದ ಮೇಲೆ ಬೆಳಗಿನ ಮಂಜು ಇನ್ನೂ ಕವಿದಿತ್ತು. ಹುಡುಗಿಯರು ಅದರೊಳಗೆ ಕರಗುತ್ತ, ಮತ್ತೆ ಮೂಡುತ್ತ ಓಡುತ್ತಿದ್ದರು. ಚೆಂಡಿನ ಸದ್ದು ಕೇಳುತ್ತ ಕೂತವಳಿಗೆ ನಾನೀಗ ಕೋಚ್ ಎಂಬುದೇ ಮರೆತುಹೋಯಿತು.

ನಮ್ಮ ಆಟಗಾರ್ತಿಯೊಬ್ಬಳು ಕಾಲು ಉಳುಕಿ ಹೊರಬಂದಳು. ನಾನು ಎದ್ದು ಸ್ವೆಟರ್ ಬಿಚ್ಚತೊಡಗಿದೆ.

ಹಿಂದೆ ನನಗೂ ಆಟ ಕಲಿಸಿದ್ದ ಹಿರಿಯ ಕೋಚ್ ತೋಳು ಹಿಡಿದರು. “ನೀನೆಲ್ಲಿಗೆ ಹೊರಟೆ ಮಾರಾಯ್ತಿ? ಆ ಹುಡುಗೀನ ಕಳ್ಸು.”

ನಾಚಿಕೆಯಾಯಿತು. ಬೆಂಚಿನ ತುದಿಯಲ್ಲಿ ಕರಿಕೆ ಎಂಬ ಹಳ್ಳಿಯ ಹುಡುಗಿಯಿದ್ದಳು, ಒಂದು ಪಂದ್ಯವನ್ನೂ ಆಡದವಳು.

“ಚೆಂಡು ಕೈತಪ್ಪಿದ್ರೆ ಎಂತ ಮಾಡೋದು ಮೇಡಂ?” ಎಂದಳು.

“ನಂಗೂ ತಪ್ಪಿತ್ತು. ಮೊದಲ್ನೇ ಪಾಸ್ ಹಿಡಿ, ಸಾಕು.”

ಅವಳು ಮಂಜಿನೊಳಕ್ಕೆ ಹೋದಳು. ಚೆಂಡು ಅವಳತ್ತ ಹಾರಿದಾಗ ನನ್ನ ಬೆರಳುಗಳು ತಾವಾಗಿಯೇ ಅರಳಿದವು. ಅವಳು ಹಿಡಿದಳು, ತಿರುಗಿ ಎಸೆದಳು. ನಾನಿದ್ದಲ್ಲಿಂದ ರಿಂಗ್ ಕಾಣಿಸುತ್ತಿರಲಿಲ್ಲ. ಚೆಂಡು ಬಲೆಯೊಳಗೆ ಜಾರಿದ ಸದ್ದು ಮಾತ್ರ ತೇಲಿಬಂತು.

ಪಂದ್ಯ ಸೋತೆವು. ಹೊರಡುವಾಗ ಅವಳನ್ನು ಕರೆದು, “ನಾಳೆ ಅರ್ಧ ಗಂಟೆ ಬೇಗ ಬಾ, ಎಡಗೈಯಲ್ಲಿ ಡ್ರಿಬಲ್ ಮಾಡೋದು ಹೇಳ್ಕೊಡ್ತೇನೆ,” ಎಂದೆ. ಹಾಗೆ ಹೇಳಿದ್ದು ನಾನೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.